ತಿಜೋರಿ ಹಿಂದಿನ ಬೂಸರು

ಪಂಚಮಿಗೆ ಉಡೋಣ ಅಂತ ತಿಜೋರಿ ತೆಗೆದು ಅವ್ವ ಕೊಟ್ಟ ಇಳಕಲ್ ಸೀರೆ ಹೊರಗೆಳೆದೆ. ಕೆಂಪು ಸೆರಗಿನ ಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು. ಒಂದಲ್ಲ ಎರಡಲ್ಲ, ಮಡಿಕೆಯ ಉದ್ದಕ್ಕೂ. ಬೆರಳಿಂದ ಒರೆಸಿದರೆ ಪುಡಿಯಾಗಿ ಉದುರಿತು. ಮೂಸಿ ನೋಡಿದೆ. ಒದ್ದೆ ಗೋಣಿಚೀಲವನ್ನು ನಾಲ್ಕು ದಿನ ಮೂಲೆಯಲ್ಲಿ ಒತ್ತಿಟ್ಟರೆ ಬರುತ್ತದಲ್ಲ, ಆ ವಾಸನೆ.

ಇದು ಮೂರು ವರ್ಷದ ಹಿಂದಿನ ಮಾತು. ನಮ್ಮ ಮನೆ ಧಾರವಾಡದಲ್ಲಿ, ಮಾಳಮಡ್ಡಿ ಕಡೆ. ಮನೆಗೆ ಇಪ್ಪತ್ತು ವರ್ಷ ಆಗುತ್ತಾ ಬಂತು. ಸೀರೆಗೆ ಹೀಗಾದರೆ ತಿಜೋರಿ ಹಿಂದೆ ಏನಿರಬಹುದು ಅಂತ ನಾನೂ ನಮ್ಮ ಮನೆಯವರೂ ಸೇರಿ ಅದನ್ನು ಒಂದು ಗೇಣು ಮುಂದಕ್ಕೆ ಎಳೆದೆವು. ಎಳೆಯಬಾರದಿತ್ತು ಅನಿಸಿತು. ಪಡುವಣ ಗೋಡೆಯ ಮೇಲೆ ನನ್ನ ಎದೆಯೆತ್ತರದ ತನಕ ಕಪ್ಪು-ಹಸಿರು. ದೂರದಿಂದ ನೋಡಿದರೆ ಯಾರೋ ಕಾಡಿಗೆ ಹಚ್ಚಿದ ಬೆರಳು ಒತ್ತಿ ಒತ್ತಿ ಇಟ್ಟ ಹಾಗೆ. ಟಾರ್ಚ್ ಹಿಡಿದು ಹತ್ತಿರ ಹೋದರೆ ಒಂದೊಂದು ಚುಕ್ಕೆಗೂ ಸಣ್ಣ ನೂಲಿನಂಥ ರೋಮ.

ಬೂಷ್ಟು ಅಂತ ಪುಸ್ತಕದಲ್ಲಿ ಬರೆಯುತ್ತಾರೆ, ನಮ್ಮ ಮನೆಯಲ್ಲಿ ಅದು ಬೂಸರು. ಅತ್ತೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತು ನೋಡಿದರು. ಅವರದ್ದು ಗದಗ. "ನಮ್ಮ ಗದಗಿನ್ಯಾಗ ರೊಟ್ಟಿ ಬುಟ್ಟಿಗೂ ಬೂಸರ ಬರೂದಿಲ್ಲವಾ, ನಿಮ್ಮೂರಾಗ ಗ್ವಾಡಿಗೇ ಬರತೈತಿ" ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಗದಗ ಒಣ ಊರು. ಧಾರವಾಡ ಹಾಗಲ್ಲ, ಅಳ್ನಾವರ, ಕಲಘಟಗಿ ಕಡೆ ಹೊರಟರೆ ಕಾಡೇ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ ಹಿಡಿದರೆ ಟವೆಲ್ ಒಣಗೋಕೆ ಎರಡು ದಿನ. ಅದೂ ಮಳೆ ಗಾಳಿ ಬೀಸೋದು ಪಶ್ಚಿಮದಿಂದ, ಅಂದರೆ ಮನೆಯ ಪಡುವಣ ಗೋಡೆ ನಾಲ್ಕು ತಿಂಗಳು ಮಳೆಗೆ ಎದೆಯೊಡ್ಡಿ ನಿಂತಿರುತ್ತದೆ.

ಹಾಗಾಗಿ ನಾನೂ ಎಲ್ಲರ ಹಾಗೆ ಮಳೆಯನ್ನೇ ಬೈದೆ. ಬೈದು ಬೈದು ಎರಡು ವರ್ಷ ಹಾಳು ಮಾಡಿಕೊಂಡೆ. ಅದನ್ನೇ ಇಲ್ಲಿ ಹೇಳೋಕೆ ಹೊರಟಿದ್ದು.

ಮೊದಲು ಮಾಡಿದ ಮೂರ್ಖ ಕೆಲಸ ಅಂದರೆ ಒಣ ಕಸಬರಿಗೆ ತಗೊಂಡು ಗೋಡೆ ಗುಡಿಸಿದ್ದು. ಫ್ಯಾನ್ ಬೇರೆ ಜೋರಾಗಿ ತಿರುಗುತ್ತಿತ್ತು. ಬೂಷ್ಟಿನ ಬೀಜಕಣ ಕಣ್ಣಿಗೆ ಕಾಣಲ್ಲ, ಗಾಳಿಯಲ್ಲಿ ಹಾರುತ್ತವೆ, ಎಲ್ಲಿ ಹಸಿ ಸಿಕ್ಕಿತೋ ಅಲ್ಲಿ ಕೂತು ಬೆಳೆಯುತ್ತವೆ. ನಾನು ಗುಡಿಸಿ ಗುಡಿಸಿ ಇಡೀ ರೂಮಿಗೆ ಬಿತ್ತನೆ ಮಾಡಿದ್ದೆ ಅಷ್ಟೇ.

ಎರಡನೆಯದನ್ನು ನೆನೆದರೆ ಈಗಲೂ ಎದೆ ಡವಗುಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ಟಿಗೇ, ಇನ್ನೂ ಸ್ವಲ್ಪ ಖಡಕ್ ಆಗಲಿ ಅಂತ, ಸಂಡಾಸು ತೊಳೆಯುವ ಆಸಿಡ್ ಸುರಿದೆ. ಭುಸ್ ಅಂತ ನೊರೆ ಬಂತು, ಮೂಗಿಗೆ ಯಾರೋ ಗುದ್ದಿದ ಹಾಗಾಯಿತು, ಕಣ್ಣಲ್ಲಿ ನೀರು. ಬಕೆಟ್ ಅಲ್ಲೇ ಬಿಟ್ಟು ಕೆಮ್ಮುತ್ತಾ ಹಿತ್ತಲಿಗೆ ಓಡಿದೆ. ಆಮೇಲೆ ತಿಳಿಯಿತು, ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಮುಚ್ಚಿದ ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಅಮೋನಿಯಾ ಇರುವ ಕ್ಲೀನರ್ ಜೊತೆ ಕಲಸಿದರೂ ವಿಷದ ಗಾಳಿಯೇ. ಬ್ಲೀಚ್ ಬಳಸೋದಾದರೆ ಬರೀ ನೀರಿನ ಜೊತೆ, ಬೇರೆ ಏನೂ ಬೇಡ. ಬಾಟಲಿಯ ದ್ರವ ಬ್ಲೀಚ್ ಆದರೆ ಒಂದು ಪಾಲಿಗೆ 15-16 ಪಾಲು ನೀರು, ಕಿಟಕಿ ತೆಗೆದಿರಬೇಕು. ಅದೂ ಟೈಲ್ಸ್, ಗಾಜು, ಪ್ಲಾಸ್ಟಿಕ್ಕಿಗೆ ಸರಿ. ಸಿಮೆಂಟ್ ಗೋಡೆ, ಕಟ್ಟಿಗೆ ಇಂಥವಕ್ಕೆ ಬ್ಲೀಚ್ ಮೇಲ್ಮೇಲೆ ಬಣ್ಣ ತೆಗೆಯುತ್ತದೆ, ಒಳಗಿನ ಬೇರು ಹಾಗೇ ಇರುತ್ತದೆ. ಎರಡು ವಾರ ಬೆಳ್ಳಗೆ ಕಾಣುತ್ತದೆ, ನಾವು ಖುಷಿಯಾಗಿರುತ್ತೇವೆ, ಮೂರನೇ ವಾರ ಅದೇ ಜಾಗದಲ್ಲಿ ಅದೇ ಚುಕ್ಕೆ.

ಮೂರನೆಯದು ದುಡ್ಡಿನ ಮೂರ್ಖತನ. ಪೇಂಟರ್ ಬಂದ, ಗೋಡೆ ಮೇಲೆ ಕೈ ಸವರಿದ, "ಡ್ಯಾಂಪ್ ಪ್ರೂಫ್ ಹೊಡದ್ರ ಆತರೀ ಅಕ್ಕಾರ, ಹತ್ತು ವರ್ಷ ನೋಡೂದ ಬ್ಯಾಡ" ಅಂದ. ಎರಡು ಕೈ ಪುಟ್ಟಿ, ಮೇಲೆ ದುಬಾರಿ ಪೇಂಟು, ಒಟ್ಟು ₹11,000. ದೀಪಾವಳಿಗೆ ಗೋಡೆ ಕನ್ನಡಿ ಹಾಗೆ ಹೊಳೆಯಿತು. ಮುಂದಿನ ಜುಲೈಗೆ ಕರಿದ ಹಪ್ಪಳದಂತೆ ಗುಳ್ಳೆ ಎದ್ದಿತು. ಒಂದು ಗುಳ್ಳೆಗೆ ಪಿನ್ನು ಚುಚ್ಚಿದೆ. ಒಂದು ಹನಿ ನೀರು ಗೋಡೆಗುಂಟ ಇಳಿದು ಬಂತು. ಆ ಪದರ ಎಳೆದರೆ ರಬ್ಬರಿನ ಹಾಗೆ ಸುಲಿದುಕೊಂಡು ಬಂತು, ಅದರ ಹಿಂದೆ ನಮ್ಮ ಹಳೇ ಗೆಳೆಯ, ಕರ್ರಗೆ.

ನೀರು ಗೋಡೆಯ ಒಳಗಿನಿಂದ ಬರುತ್ತಿದ್ದರೆ ಒಳಗಡೆ ಎಂಥ ಪೇಂಟ್ ಬಳಿದರೂ ಅದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ಇದು ಅವತ್ತು ಆ ಹನಿ ನೋಡಿ ಗೊತ್ತಾಯಿತು. ಆದರೆ ಒಳಗಿನಿಂದ ಬರುತ್ತಿದೆ ಅನ್ನೋದು ಹೇಗೆ ಖಚಿತ ಮಾಡಿಕೊಳ್ಳೋದು?

ಅದಕ್ಕೊಂದು ಸುಲಭದ ಪರೀಕ್ಷೆ ಇದೆ, ಖರ್ಚಿಲ್ಲದ್ದು. ಡಬ್ಬಿಗೆ ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ಒಂದು ಗೇಣು ಚೌಕ ಕತ್ತರಿಸಿ, ಗೋಡೆ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಬೇಕು. ಒಂದೆರಡು ದಿನ ಬಿಟ್ಟು ನೋಡಬೇಕು. ರೂಮಿನ ಕಡೆಯ ಮುಖದ ಮೇಲೆ ಹನಿ ಕೂತಿದ್ದರೆ ಅದು ಮನೆಯೊಳಗಿನ ಗಾಳಿಯ ಹಸಿ, ತಂಪು ಗೋಡೆಗೆ ತಾಗಿ ನೀರಾಗಿದ್ದು. ಫಾಯಿಲ್ ಕಿತ್ತಾಗ ಗೋಡೆ ಕಡೆಯ ಮುಖ ಒದ್ದೆ ಇದ್ದರೆ ನೀರು ಗೋಡೆಯಿಂದ ಬರುತ್ತಿದೆ. ನಾನು ಎರಡು ಕಡೆ ಹಚ್ಚಿದೆ, ತಿಜೋರಿ ಹಿಂದಿನ ಗೋಡೆಗೊಂದು, ಪಡಸಾಲೆಯ ಮೂಲೆಯಲ್ಲಿ ಸಣ್ಣಗೆ ಕಪ್ಪಾಗುತ್ತಿದ್ದ ಜಾಗಕ್ಕೊಂದು. ಮೊದಲನೆಯದರ ಹಿಂಬದಿ ತೊಯ್ದಿತ್ತು. ಎರಡನೆಯದರ ಮುಂಬದಿ. ಒಂದೇ ಮನೆ, ಎರಡು ಬೇರೆ ಬೇರೆ ನೀರು. ಎರಡಕ್ಕೂ ಒಂದೇ ಔಷಧ ಹಚ್ಚುತ್ತಿದ್ದೆ ನಾನು.

ಇನ್ನೊಂದು, ಗೋಡೆಯ ಕೆಳಭಾಗದಲ್ಲಿ ಬಿಳಿ ಹತ್ತಿಯಂತೆ ಎದ್ದಿರೋದೆಲ್ಲ ಬೂಷ್ಟಲ್ಲ. ಇಟ್ಟಿಗೆ-ಸಿಮೆಂಟಿನ ಉಪ್ಪು ನೀರಿನ ಜೊತೆ ಹೊರಗೆ ಬಂದು ಒಣಗಿ ಹಾಗಾಗುತ್ತದೆ. ನೀರು ಹನಿಸಿ ನೋಡಿ, ಉಪ್ಪಾದರೆ ಕರಗುತ್ತದೆ. ಬೂಷ್ಟು ಕರಗಲ್ಲ.

ಈಗ ಅಸಲು ಕಥೆ. ಫಾಯಿಲ್ ಪರೀಕ್ಷೆ ಆದ ಮೇಲೂ ನಾನು ಮಳೆಯನ್ನೇ ಹಿಡಿದುಕೊಂಡಿದ್ದೆ. ಹೊರಗೋಡೆಯಿಂದ ಮಳೆ ನೀರು ಜಿನುಗುತ್ತಿದೆ, ಹೊರಗಡೆ ಗಿಲಾವು ಮಾಡಿಸಿದರೆ ಆಯಿತು ಅಂತ. ಅಷ್ಟರಲ್ಲಿ ಅಕ್ಟೋಬರ್ ಬಂತು. ಮಳೆ ನಿಂತು ಎರಡು ವಾರ. ಬಿಸಿಲು ಖಡಕ್ಕಾಗಿ ಬೀಳುತ್ತಿದೆ. ಗೋಡೆ ಮಾತ್ರ ಒಣಗವಲ್ಲದು. ಸುಮ್ನೆ ಒಂದು ಕುತೂಹಲಕ್ಕೆ, ಒದ್ದೆಯ ಅಂಚಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ನೋಡೋದು. ಮೂರು-ನಾಲ್ಕು ದಿನ ಒದ್ದೆ ಗೆರೆಯಿಂದ ಒಳಕ್ಕೆ ಸರಿಯಿತು, ಭಲೇ ಅಂದುಕೊಂಡೆ. 9ನೇ ತಾರೀಖು ಬೆಳಗ್ಗೆ ಗೆರೆ ದಾಟಿ ನಾಲ್ಕು ಬೆರಳು ಮುಂದೆ ಬಂದಿತ್ತು. ಮತ್ತೆ ಸರಿಯಿತು. 15ಕ್ಕೆ ಮತ್ತೆ ದಾಟಿತು. ಮಳೆ ಒಂದು ಹನಿ ಇಲ್ಲ.

21ಕ್ಕೆ ಮೂರನೇ ಸಲ ದಾಟಿದಾಗ ಅಡುಗೆಮನೆಗೆ ಹೋಗಿ ಕ್ಯಾಲೆಂಡರ್ ಮುಂದೆ ನಿಂತೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಅತ್ತೆಯ ದುಂಡು ಅಕ್ಷರ: 8ಕ್ಕೆ "ನಳ", 14ಕ್ಕೆ "ನಳ", 20ಕ್ಕೆ "ನಳ".

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ, "ನಳ" ಅಂದರೆ ನಲ್ಲಿಯಲ್ಲಿ ನೀರು ಬಂದ ದಿನ. 2008ರಲ್ಲೇ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದ ಊರಿದು, ಆದರೆ ಊರೆಲ್ಲ ಆ ವಾರ್ಡುಗಳ ಹಾಗಾಗಲಿಲ್ಲ. ಸವದತ್ತಿ ಹತ್ತಿರದ ಮಲಪ್ರಭಾ ನೀರು ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ ಬರೋದು, ಬಂದಾಗ ರಾತ್ರಿಯೋ ನಸುಕೋ ಗೊತ್ತಿಲ್ಲ. ಬಂತು ಅಂದರೆ ಮನೆಯಲ್ಲಿರೋ ಬ್ಯಾರಲ್, ಕೊಡ, ಬಕೆಟ್ ಎಲ್ಲ ತುಂಬಬೇಕು, ಸಂಪು ತುಂಬಬೇಕು, ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬಬೇಕು. ಮೋಟಾರ್ ನಮ್ಮ ಮನೆಯವರ ಖಾತೆ. ಅವರು ರಾತ್ರಿ ಎರಡಕ್ಕೆ ಎದ್ದು ಸ್ವಿಚ್ ಹಾಕಿ "ಐದ್ ಮಿನಿಟ್" ಅಂತ ದಿಂಬಿಗೆ ತಲೆ ಇಟ್ಟರೆ, ಆ ಐದು ಮಿನಿಟು ಒಂದು ತಾಸು.

ಗೌಂಡಿಯನ್ನು ಕರೆಸಿದೆ. ವಯಸ್ಸಾದ ಮನುಷ್ಯ, ಮಾತು ಕಮ್ಮಿ. ಗೋಡೆ ನೋಡಲೇ ಇಲ್ಲ, ಸೀದಾ ಮಾಳಿಗೆ ಹತ್ತಿದ. ಟ್ಯಾಂಕಿನ ಓವರ್‌ಫ್ಲೋ ಪೈಪು ಒಂದು ಗೇಣು ಉದ್ದ, ಗಾಳಿಯಲ್ಲಿ ಜೋತು ಬಿದ್ದಿತ್ತು. ಅದರ ಕೆಳಗೆ ಹಸಿರು ಪಾಚಿಯ ಒಂದು ದಾರಿ, ಕುಂಬಿ ತನಕ, ಅಂದರೆ ಮಾಳಿಗೆ ಅಂಚಿನ ಗಿಡ್ಡ ಗೋಡೆ ತನಕ. ಕುಂಬಿ ಮತ್ತು ಸ್ಲ್ಯಾಬು ಕೂಡೋ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ನನಗಂತೂ ಕೊಳೆಯ ಗೆರೆ ಅಂತಲೇ ಕಂಡಿತ್ತು. ಅವನು ಹ್ಯಾಕ್ಸಾ ಬ್ಲೇಡಿನ ತುಂಡು ತೆಗೆದು ಬಿರುಕಿಗೆ ಒತ್ತಿದ, ಅರ್ಧ ಬ್ಲೇಡು ಒಳಗೆ ಹೋಯಿತು. ನನ್ನ ಮುಖ ನೋಡಿದ.

"ಇದು ಮಳಿ ನೀರಲ್ರೀ ಅಕ್ಕಾರ. ನಿಮ್ಮ ನಳದ ನೀರು."

ಮಳೆ ನೀರು ಹೋಗೋ ತೂತು ಬೇರೆ ಬೇವಿನ ಎಲೆಯಿಂದ ಅರ್ಧ ಮುಚ್ಚಿತ್ತು. ಹಾಗಾಗಿ ಮಳೆಗಾಲದಲ್ಲಿ ಎರಡೂ ನೀರು ಒಂದೇ ಬಿರುಕಿಗೆ. ಮಳೆಯ ಪಾಲಿಲ್ಲ ಅಂತಲ್ಲ. ಆದರೆ ವರ್ಷವಿಡೀ ಗೋಡೆಗೆ ಐದಾರು ದಿನಕ್ಕೊಮ್ಮೆ ನೀರುಣಿಸಿ ಬೂಸರನ್ನು ಸಾಕಿದ್ದು ನಾವೇ, ಕುಡಿಯೋ ನೀರಿನಿಂದ. ಆ ನೀರಿಗಾಗಿ ಅಷ್ಟು ಒದ್ದಾಡಿ, ಕೊನೆಗೆ ಗೋಡೆಗೆ ಕುಡಿಸಿದ್ದು. ಅದು ನನಗೆ ಇವತ್ತಿಗೂ ಹೊಟ್ಟೆ ಉರಿ.

ರಿಪೇರಿ ದೊಡ್ಡದೇನಲ್ಲ. ಓವರ್‌ಫ್ಲೋ ಪೈಪನ್ನು ಕೆಳಗೆ ಹಿತ್ತಲ ತನಕ ಇಳಿಸಿದರು, ಈಗ ಟ್ಯಾಂಕ್ ತುಂಬಿದರೆ ಕರಿಬೇವಿನ ಗಿಡದ ಬುಡಕ್ಕೆ ಬೀಳುತ್ತದೆ. ಮೋಟಾರಿಗೆ ಟ್ಯಾಂಕ್ ತುಂಬಿದ ಕೂಡಲೇ ತಾನೇ ಬಂದ್ ಆಗುವ ಸೆನ್ಸರ್ ಕೂರಿಸಿದೆವು. ಬಿರುಕನ್ನು ಅಗಲ ಮಾಡಿ, ಒಳಗಿನ ಧೂಳು ಊದಿ ತೆಗೆದು, ವಾಟರ್‌ಪ್ರೂಫ್ ದ್ರವ ಕಲಸಿದ ಗಾರೆ ತುಂಬಿದರು. ಕುಂಬಿ ಮೂಲೆಗೆ ನೀರು ನಿಲ್ಲದಂತೆ ಗುಂಡಗೆ ಇಳಿಜಾರು ಕೊಟ್ಟರು. ಎಲ್ಲ ಸೇರಿ ಪೇಂಟಿಗೆ ಸುರಿದ ದುಡ್ಡಿನ ಅರ್ಧವೂ ಆಗಲಿಲ್ಲ.

ಕಷ್ಟ ಇದ್ದಿದ್ದು ಆಮೇಲೆ. ಕಾಯೋದು. ಒಳಗಿನ ಪುಟ್ಟಿ, ಪೇಂಟು ಎಲ್ಲ ಕೆರೆದು ಗೋಡೆಯನ್ನು ಬರಿಮೈಲಿ ಬಿಡಿ, ಪೂರ್ತಿ ಒಣಗೋ ತನಕ ಏನೂ ಹಚ್ಚಬೇಡಿ ಅಂದ ಗೌಂಡಿ. ಒಂದು ಇಂಚು ದಪ್ಪ ಒಣಗೋಕೆ ಸುಮಾರು ಒಂದು ತಿಂಗಳು ಅಂತ ಕಟ್ಟಡದವರ ಲೆಕ್ಕ. ನಮ್ಮದು 9 ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆಯಿಂದ ಒಣಗುತ್ತದೆ ಅಂದರೂ ನಾಲ್ಕು ತಿಂಗಳ ಮೇಲೆಯೇ. ಆ ದೀಪಾವಳಿಗೆ ಬಂದವರೆಲ್ಲ "ಇದ್ಯಾಕ ಹಿಂಗ?" ಅಂತ ಕೇಳಿದರು, ಎಲ್ಲರಿಗೂ ಬಿರುಕಿನ ಕಥೆ ಹೇಳಿ ಸಾಕಾಯಿತು. ನಮ್ಮ ಪುಣ್ಯ, ಮುಂದೆ ಬರೋದು ಚಳಿಗಾಲ, ಬೇಸಿಗೆ. ಯುಗಾದಿಗೆ ಮತ್ತೆ ಫಾಯಿಲ್ ಹಚ್ಚಿ ನೋಡಿದೆ. ಎರಡೂ ಕಡೆ ಒಣ.

ಕೆರೆಯೋ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, ಒಣಗಿದ್ದನ್ನು ಕೆರೆಯಬೇಡಿ. ಮೊದಲು ಸೋಪಿನ ನೀರು ಚಿಮುಕಿಸಿ ತೋಯಿಸಬೇಕು, ಬಾಗಿಲು ಹಾಕಿ ಫ್ಯಾನ್ ಆರಿಸಿ ಕಿಟಕಿ ತೆಗೆಯಬೇಕು, ಮೂಗಿಗೆ ಒಳ್ಳೆ ಎನ್95 ಮಾಸ್ಕು, ಕೈಗೆ ಗ್ಲೌಸು. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಒರೆಸಿದ ಬಟ್ಟೆ ಬಿಸಾಡಿ. ಉಬ್ಬಸ ಇರೋರು, ಮಕ್ಕಳು ಆ ಹೊತ್ತಿಗೆ ಮನೆಯಲ್ಲಿ ಬೇಡ. ನಮ್ಮ ಮಗನಿಗೆ ಆ ಎರಡು ಮಳೆಗಾಲ ರಾತ್ರಿ ಕೆಮ್ಮು ಬಿಡಲೇ ಇಲ್ಲ. ಅದು ಬೂಷ್ಟಿನಿಂದಲೇ ಅಂತ ನಾನು ಹೇಳಲಾರೆ, ಮಕ್ಕಳು ಹೇಗೂ ಕೆಮ್ಮುತ್ತವೆ. ಆದರೆ ಹಸಿ ಹಿಡಿದ ಮನೆಗೂ ಉಬ್ಬಸ, ಕೆಮ್ಮಿಗೂ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಅವನ ಮಂಚ ಇದ್ದಿದ್ದು ಆ ಗೋಡೆಗೆ ಹತ್ತಿಯೇ.

ಗೋಡೆಗೆ ಈ ಸಲ ಪುಟ್ಟಿ ಬೇಡ ಅಂದೆ. ಸುಣ್ಣ ಬಳಿಸಿದೆ. ಪೇಂಟರ್ ನನ್ನನ್ನು ನೋಡಿದ ನೋಟ ಏನು ಹೇಳಲಿ! ಹಾವೇರಿ ಕಡೆ ನಮ್ಮ ಅಜ್ಜನ ಮನೆಗೆ ವರ್ಷವರ್ಷ ಹಬ್ಬದ ಮುಂದೆ ಸುಣ್ಣ ಬಳಿಯೋದು, ಅದು ಬರೀ ಚಂದಕ್ಕೆ ಅಂದುಕೊಂಡಿದ್ದೆ. ಸುಣ್ಣ ಖಾರದ ಕ್ಷಾರ, ಅದರ ಮೇಲೆ ಬೂಷ್ಟು ಬೆಳೆಯೋದು ಕಷ್ಟ. ಮೇಲಾಗಿ ಗೋಡೆಯ ಹಸಿಯನ್ನು ಹೊರಗೆ ಬಿಡುತ್ತದೆ, ಪ್ಲಾಸ್ಟಿಕ್ ಪೇಂಟಿನ ಹಾಗೆ ಉಸಿರು ಕಟ್ಟಿಸಲ್ಲ. ಹಾಗಂತ ಹಳೇ ಮನೆ ಸ್ವರ್ಗ ಅಂತಲ್ಲ, ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಸೋರೋ ಕಡೆಯೆಲ್ಲ ಪಾತ್ರೆ ಇಟ್ಟು ನಾವು ಮಧ್ಯದಲ್ಲಿ ಮಲಗುತ್ತಿದ್ದೆವು. ಸುಣ್ಣಕ್ಕೂ ಅದರದ್ದೇ ತಕರಾರಿದೆ, ಒರಗಿದರೆ ಅಂಗಿಗೆ ಹತ್ತುತ್ತದೆ. ಪೇಂಟ್ ಮೇಲೆ ಬಳಿದರೆ ನಿಲ್ಲಲ್ಲ, ಬರಿ ಗಾರೆಯ ಮೇಲೆಯೇ ಬಳಿಯಬೇಕು. ಕಣ್ಣಿಗೆ ಸಿಡಿದರೆ ಅಪಾಯ, ಕನ್ನಡಕ ಹಾಕಿಕೊಳ್ಳಿ.

ಇನ್ನು ಪಡಸಾಲೆ ಮೂಲೆಯ ನೀರು, ಅದು ಗಾಳಿಯದ್ದು. ಮಳೆಗಾಲದಲ್ಲಿ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಒಂದು ಮಷೀನ್ ಬಟ್ಟೆ ಅಂದರೆ ಒಂದೆರಡು ಲೀಟರ್ ನೀರು, ಅದೆಲ್ಲಿ ಹೋಗಬೇಕು? ಗಾಳಿಗೆ ಹೋಗುತ್ತದೆ, ಗಾಳಿಯಿಂದ ಮನೆಯ ಅತಿ ತಂಪಾದ ಮೂಲೆಗೆ ಹೋಗಿ ಕೂರುತ್ತದೆ. ಬಚ್ಚಲಲ್ಲಿ ಮುಚ್ಚಳ ಇಲ್ಲದ ಎರಡು ಬ್ಯಾರಲ್ ನೀರು, ಅದೂ ಸೇರಿತು. ಕೆಲವು ನೂರು ರೂಪಾಯಿಗೆ ಗಾಳಿಯ ತೇವ ಅಳೆಯೋ ಸಣ್ಣ ಮೀಟರ್ ಸಿಗುತ್ತದೆ, ತರಿಸಿದೆ. ಬಟ್ಟೆ ಹರವಿದ ದಿನ ಶೇಕಡಾ 84 ತೋರಿಸಿತು. ಮನೆಯೊಳಗೆ 60ರ ಒಳಗಿರಬೇಕು ಅನ್ನುತ್ತಾರೆ. ಗೋಡೆಗೆ ತಾಗಿದ ಗಾಳಿ 80 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಹಬ್ಬ.

ಧಾರವಾಡದ ಜುಲೈನಲ್ಲಿ 60 ಅನ್ನೋದು ಕನಸು, ನಾನೇ ಹೇಳುತ್ತೇನೆ. ಹೊರಗಿನ ಗಾಳಿಯೇ ತೊಯ್ದಿರುತ್ತದೆ. ಆದರೆ 84ನ್ನು 70ರ ಆಸುಪಾಸಿಗೆ ತರಬಹುದು. ಬಟ್ಟೆ ಈಗ ಹಿತ್ತಲ ಶೀಟಿನ ಕೆಳಗೆ. ಬ್ಯಾರಲ್‌ಗೆ ಮುಚ್ಚಳ. ಅಡುಗೆಮನೆ, ಬಚ್ಚಲು ಎರಡಕ್ಕೂ ಎಕ್ಸಾಸ್ಟ್ ಫ್ಯಾನ್, ಸ್ನಾನ ಆದ ಮೇಲೂ ಕಾಲು ತಾಸು ತಿರುಗಲಿ. ಬಿಸಿಲು ಬಿದ್ದ ದಿನ ಎದುರುಬದುರು ಕಿಟಕಿ ತೆಗೆಯೋದು. ತಿಜೋರಿ, ಮಂಚ, ಸೋಫಾ ಯಾವುದೂ ಗೋಡೆಗೆ ಹತ್ತಬಾರದು, ನಾಲ್ಕು ಬೆರಳು ಜಾಗ ಬೇಕು, ಅದರಲ್ಲೂ ಪಡುವಣ ಗೋಡೆಗೆ. ಏನೇ ತೊಯ್ದರೂ ಒಂದೆರಡು ದಿನದೊಳಗೆ ಒಣಗಿಸಿದರೆ ಬೂಷ್ಟು ಬರೋದು ಕಡಿಮೆ. ಕರ್ಪೂರ, ಡಾಂಬರು ಗುಳಿಗೆ ಎಲ್ಲ ಹಾಕಿ ನೋಡಿದ್ದೆ, ಅವು ಹುಳಕ್ಕೆ ಸರಿ, ಹಸಿಗೆ ಏನೂ ಮಾಡಲ್ಲ. ಲೋಬಾನದ ಹೊಗೆ ಹಾಕಿದರೆ ವಾಸನೆ ಒಂದು ತಾಸು ಮರೆಯಾಗುತ್ತದೆ ಅಷ್ಟೇ.

ಸೀರೆ ಉಳಿಯಿತು. ಹೊರಗೆ ಹಿಡಿದು ಮೆತ್ತಗಿನ ಬ್ರಶ್ಶಿನಿಂದ ಉಜ್ಜಿ, ನೆರಳಲ್ಲಿ ಗಾಳಿಗೆ ಹರವಿ, ಡ್ರೈಕ್ಲೀನಿಗೆ ಕೊಟ್ಟೆ. ಸೆರಗಿನಲ್ಲಿ ಒಂದು ಕಡೆ ಮಸುಕಾದ ಕಲೆ ಉಳಿದಿದೆ, ನಿರಿಗೆ ಮಾಡುವಾಗ ನನಗೆ ಮಾತ್ರ ಕಾಣುತ್ತದೆ. ಅರಳೆ ಗಾದಿ ಉಳಿಯಲಿಲ್ಲ, ಎಸೆದೆವು. ಅದೇ ಮಳೆಗಾಲ ಅಟ್ಟದ ಮೇಲಿನ ಶೇಂಗಾ ಚೀಲಕ್ಕೂ ಹಸಿರು ಬಂದಿತ್ತು, ಅತ್ತೆ ತೊಳೆದು ಹುರಿದರೆ ಆಯಿತು ಅಂದರು. ಅದೊಂದಕ್ಕೆ ನಾನು ಜಗಳಕ್ಕೇ ನಿಂತೆ. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗಲ್ಲ. ದನಕ್ಕೂ ಹಾಕದೆ ಹೂತೆವು.

ಈ ಮಳೆಗಾಲ ಆ ಪೆನ್ಸಿಲ್ ಗೆರೆ ಇದ್ದ ಜಾಗ ಒಣಗಿಯೇ ಇದೆ. ಬಚ್ಚಲ ಬಾಗಿಲ ಹಿಂದೆ ಸಣ್ಣಗೆ ಕಪ್ಪು ಬರುತ್ತದೆ, ಹದಿನೈದು ದಿನಕ್ಕೊಮ್ಮೆ ಸೋಪು ನೀರಿನಲ್ಲಿ ಉಜ್ಜಿ ಒರೆಸುತ್ತೇನೆ, ಅದರ ಜೊತೆ ರಾಜಿ ಆಗಿದೆ. ಮೀಟರ್ ಮಾತ್ರ ಈಗ ನನ್ನ ಕೈಗೆ ಸಿಗೋದಿಲ್ಲ. ಅತ್ತೆ ಅದನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ಬೆಳಗ್ಗೆ ಪೂಜೆ ಮುಗಿಸಿ ಹೊರಗೆ ಬಂದವರೇ ಬಂಗಾರದ ರೇಟು ಹೇಳುವ ಹಾಗೆ "ಇವತ್ತ ಎಪ್ಪತ್ಮೂರು" ಅನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಹಾಲು, ನಳ, ಅದರ ಪಕ್ಕದಲ್ಲಿ ಈಗ ಅದೂ ಒಂದು ಲೆಕ್ಕ. ಹೋದ ವಾರ ಗದಗಿಗೆ ಹೊರಟಾಗ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು, ಯಾಕೆ ಅಂತ ಕೇಳಿದೆ.

"ಅಲ್ಲೆ ಎಷ್ಟ ಐತಿ ನೋಡಬೇಕಲ್ಲ" ಅಂದರು.